ಹೆಸರಿಲ್ಲದ ಅಂಕಿಗಳು

ಕಂಪ್ಯೂಟರ್ ಮಾಡುವ ನಮ್ಮ ಕಂಪನಿ ಊರಿನ ಆ ತುದಿಗೆ, ವಿಮಾನ ನಿಲ್ದಾಣದ ರಸ್ತೆಗೆ ಹೋದ ಮೇಲೆ ರಾಜಾಜಿನಗರದ ಹಳೇ ಕಟ್ಟಡದ ಮಹಡಿಯಲ್ಲಿ ಉಳಿದವಳು ನಾನೊಬ್ಬಳೇ. ನಾನು, ಒಂದು ಕಂಪ್ಯೂಟರು, ಒಂದು ಟೆಲಿಫೋನು. ಕೆಳಗಡೆ ಸರ್ವಿಸ್‌ನವರ ಕೋಣೆ ಇತ್ತು ನಿಜ, ಆದರೆ ಅವರು ಬೆಳಿಗ್ಗೆ ಚೀಲ ಹೆಗಲಿಗೇರಿಸಿಕೊಂಡು ಹೊರಟರೆ ಮತ್ತೆ ಮುಖ ಕಾಣುತ್ತಿದ್ದುದು ಸಂಜೆಗೆ. ಪಕ್ಕದ ಶೆಡ್ಡಿನಲ್ಲಿ ಲೇತ್ ಮೆಷಿನ್ನು ದಿನವಿಡೀ ಕಿರುಚುತ್ತಿತ್ತು. ಅದು ನಿಂತಿತೆಂದರೆ ಊಟದ ಹೊತ್ತಾಯಿತು ಎಂದು ನನ್ನ ಲೆಕ್ಕ.

“ಹಳೇ ಮಾಡೆಲ್ ನೋಡ್ಕೊಳ್ಳೋಕೆ ಒಬ್ಬರು ಬೇಕಲ್ಲಮ್ಮ, ನಿಮಗೆ ಮನೆಗೂ ಹತ್ತಿರ” ಎಂದು ಹೇಳಿ ಬಿಟ್ಟುಹೋಗಿದ್ದರು. ಹತ್ತಿರವೇನೋ ಹೌದು. ಬಸವೇಶ್ವರನಗರದ ಮನೆಯಲ್ಲಿ ಅಮ್ಮ ತೀರಿಕೊಂಡ ಮೇಲೆ ಅಲ್ಲಿಯೂ ನಾನೊಬ್ಬಳೇ. ಎರಡು ಕಡೆಯೂ ಒಂಟಿಯಾದವಳಿಗೆ ಹತ್ತಿರವಾದರೇನು, ದೂರವಾದರೇನು! ಹೀಗಂತ ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ. ಹೇಳಿಕೊಳ್ಳೋಣವೆಂದರೆ ಯಾರಿದ್ದರು?

ಅದು ಎಂಬತ್ತರ ದಶಕದ ನಡುಭಾಗ. ನಮ್ಮ ಯಂತ್ರ ಒಂದು ದೊಡ್ಡ ಟ್ರಂಕಿನಷ್ಟು ಗಾತ್ರದ್ದು. ಅದರಿಂದ ಎಂಟು ತಂತಿ ಹೊರಟು ಎಂಟು ಟರ್ಮಿನಲ್ಲುಗಳಿಗೆ, ಎಂದರೆ ಪರದೆ-ಕೀಬೋರ್ಡಿನ ಜೋಡಿಗಳಿಗೆ, ಹೋಗುತ್ತಿದ್ದವು. ಒಳಗೆ ಎಲ್ಲವನ್ನೂ ನಡೆಸುವ ಮೂಲ ಪ್ರೋಗ್ರಾಮಿಗೆ ಕರ್ನಲ್ ಎನ್ನುತ್ತಾರೆ. ಸೆಕೆಂಡಿಗೆ ಐವತ್ತು ಸಲ ಈ ಕರ್ನಲ್ ‘ಈಗ ಪ್ರಾಸೆಸರ್ ಏನು ಮಾಡುತ್ತಿದೆ?’ ಎಂದು ನೋಡಿ ಒಂದೊಂದು ಲೆಕ್ಕಕ್ಕೆ ಒಂದು ಕೂಡಿಸುತ್ತದೆ. ಸುಮ್ಮನಿದ್ದರೆ ಒಂದಕ್ಕೆ, ಬಳಕೆದಾರರ ಕೆಲಸದಲ್ಲಿದ್ದರೆ ಇನ್ನೊಂದಕ್ಕೆ, ತನ್ನದೇ ಕೆಲಸದಲ್ಲಿದ್ದರೆ ಮತ್ತೊಂದಕ್ಕೆ, ಡಿಸ್ಕಿಗಾಗಿ ಕಾಯುತ್ತಿದ್ದರೆ ಮಗದೊಂದಕ್ಕೆ. ಈ ಅಂಕಿಗಳು ಮೆಮೊರಿಯಲ್ಲಿ ಯಂತ್ರದ ಭಾಷೆಯಲ್ಲೇ, ಬೈನರಿಯಲ್ಲಿ, ಸಾಲಾಗಿ ಕುಳಿತಿರುತ್ತವೆ. ಹೆಸರು ಇರುವುದಿಲ್ಲ. ಮಾನಿಟರ್ ಎಂಬ ನನ್ನ ಪ್ರೋಗ್ರಾಮು ಆ ಜಾಗಕ್ಕೆ ಹೋಗಿ ಮೊದಲನೆಯದನ್ನು ಐಡಲ್ ಎಂದೂ ಎರಡನೆಯದನ್ನು ಯೂಸರ್ ಎಂದೂ ಎತ್ತಿಕೊಂಡು ಪರ್ಸೆಂಟಿನಲ್ಲಿ ತೋರಿಸುತ್ತಿತ್ತು. ಯಾವುದು ಎಷ್ಟನೆಯದು ಎಂಬುದು ಕರ್ನಲ್ ಬರೆಯುವವರಿಗೂ ನನಗೂ ಇದ್ದ ಒಪ್ಪಂದ ಅಷ್ಟೇ. ಅದು ಹೆಡರ್ ಫೈಲ್ ಎಂಬ ಒಂದು ಚಿಕ್ಕ ಫೈಲಿನಲ್ಲಿರುತ್ತಿತ್ತು.

ಯಂತ್ರ ಕೊಂಡವರು ತೊಂದರೆಯಾದರೆ ನನಗೆ ಫೋನ್ ಮಾಡುತ್ತಿದ್ದರು. ಪರದೆಯ ಮೇಲಿನ ಅಂಕಿಗಳನ್ನು ಅವರು ಓದಬೇಕು, ನಾನು ಬರೆದುಕೊಳ್ಳಬೇಕು, ಯೋಚಿಸಿ ಉತ್ತರ ಹೇಳಬೇಕು. ರಾಯಚೂರಿನ ಟ್ರಂಕ್ ಕಾಲ್ ಬಂದರೆ ನಾನು ಕೂಗುವುದು ಕೆಳಗಿನ ರಸ್ತೆಗೆ ಕೇಳುತ್ತಿತ್ತಂತೆ.

ಅತಿ ಹೆಚ್ಚು ಫೋನ್ ಬರುತ್ತಿದ್ದುದು ಕೆಂಗೇರಿ ಆಚೆಯ ಒಂದು ಕಾರ್ಖಾನೆಯಿಂದ. ಕಬ್ಬಿಣದ ಬೀರು, ರ್‍ಯಾಕು ಮಾಡುವ ಕಾರ್ಖಾನೆ. ಅಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದವಳು ಇಪ್ಪತ್ತರ ಆಸುಪಾಸಿನ ಹುಡುಗಿ. ಮೊದಲನೇ ಸಲ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿದೆ ಎಂದು ಮಾಡಿದಳು.

“ಕಾಗದ ಸಿಕ್ಕಾಕ್ಕೊಂಡ್ರೆ ಎಳೀಬೇಕು ಕಣಮ್ಮ. ಅದಕ್ಕೆ ಒಬ್ಬ ಎಂಜಿನಿಯರ್ ಬೇಕಾ?” ಎಂದು ರೇಗಿದೆ.

“ಎಳೆದೆ ಮೇಡಂ, ಹರಿದೋಯ್ತು. ಈಗ ಎಂಜಿನಿಯರ್ ಬೇಕು” ಎಂದು ನಕ್ಕಳು.

ನನಗೂ ನಗು ಬಂತು. ಎಷ್ಟು ದಿನವಾಗಿತ್ತೋ ನಾನು ಗಟ್ಟಿಯಾಗಿ ನಕ್ಕು! ಆಮೇಲೆ ಅವಳು ಕೆಲಸವಿದ್ದರೂ ಇಲ್ಲದಿದ್ದರೂ ಮಾಡುತ್ತಿದ್ದಳು. ಅಲ್ಲೇ ಕೆಂಗೇರಿ ಹತ್ತಿರದ ಉಲ್ಲಾಳದಲ್ಲಿ ಮನೆ. ಅಪ್ಪ ದುಡಿಯುತ್ತಿದ್ದ ಗಿರಣಿ ಮುಚ್ಚಿತ್ತು. ಇವಳ ಕೆಲಸ ಇನ್ನೂ ಪ್ರೊಬೇಷನ್, ಬೇಸಿಗೆಯ ಹೊತ್ತಿಗೆ ಖಾಯಂ ಆಗುವುದಿತ್ತು. “ಖಾಯಂ ಆಗ್ಲಿಲ್ಲ ಅಂದ್ರೆ ನಮ್ಮ ಮಾವನಿಗೆ ಕೊಟ್ಟು ಮದುವೆ ಮಾಡಿಬಿಡ್ತಾರೆ ಮೇಡಂ. ಸೋದರಮಾವ. ನನಗಿಂತ ಹದಿನೈದು ವರ್ಷ ದೊಡ್ಡೋರು. ಕೆಲಸ ಇದ್ರೆ ಬೇಡ ಅನ್ನೋಕೆ ಬಾಯಿರುತ್ತೆ” ಎಂದು ಒಂದು ದಿನ ಹಪ್ಪಳದ ಮಾತಾಡಿದಷ್ಟೇ ಸಲೀಸಾಗಿ ಹೇಳಿದಳು. ಅವಳ ಫೋನು ಬಾರದ ದಿನ ರಿಸೀವರ್ ಎತ್ತಿ ಡಯಲ್ ಟೋನ್ ಇದೆಯೋ ಇಲ್ಲವೋ ಎಂದು ನೋಡುತ್ತಿದ್ದೆ. ಇರುತ್ತಿತ್ತು.

ಬೇಸಿಗೆ ಶುರುವಾಗುವ ಹೊತ್ತಿಗೆ ಅವಳು ಹೊಸ ತೊಂದರೆ ತಂದಳು. “ಮೇಡಂ, ಊಟ ಆದ್ಮೇಲೆ ಮೆಷಿನ್ನು ಸತ್ತಂಗಾಡುತ್ತೆ. ಬೆಳಿಗ್ಗೆ ಎಲ್ಲಾ ಚೆನ್ನಾಗೇ ಇರುತ್ತೆ. ಎರಡು ಗಂಟೆ ಆಯ್ತು ಅಂದ್ರೆ ಒಂದು ಅಕ್ಷರ ಹೊಡೆದ್ರೆ ಒಂದು ನಿಮಿಷಕ್ಕೆ ಕಾಣುತ್ತೆ.”

ನಮ್ಮ ಸರ್ವಿಸ್ ಎಂಜಿನಿಯರನ್ನು ಕಳಿಸಿದೆ. ಚುರುಕಾದ ಮನುಷ್ಯ, ಒಂದೇ ದಿನ ನಾಲ್ಕು ಕಡೆ ಸ್ಕೂಟರು ಓಡಿಸುವವನು. ಸಂಜೆ ಮೆಟ್ಟಿಲ ಮೇಲಿಂದಲೇ ಕೂಗಿ ಹೇಳಿದ: “ಮೇಡಂ, ಕೆಂಗೇರಿ ಕೇಸ್ ಕ್ಲೋಸ್! ನಿಮ್ಮ ಮಾನಿಟರ್ ಹಾಕಿ ನೋಡಿದೆ. ಯೂಸರ್ ಅರವತ್ತು ಪರ್ಸೆಂಟ್. ಮೆಷಿನ್ನಿಗೇನೂ ಆಗಿಲ್ಲ, ಯಾರೋ ಒಳಗಡೆ ಏನೋ ಓಡಿಸ್ತಾ ಇದಾರೆ. ಅವರ ಮ್ಯಾನೇಜರ್‌ಗೂ ಹೇಳಿ ಬಂದೆ.”

ಮಾರನೇ ದಿನ ಅವಳ ಫೋನ್ ಬಂತು. ಧ್ವನಿಯೇ ಬೇರೆ.

“ಮೇಡಂ, ನಾನು ಹೊರಗಿನವರ ಕೆಲಸ ಮಾಡಿಕೊಡ್ತಾ ಇದೀನಂತೆ. ಜ್ಞಾನಭಾರತಿ ಯೂನಿವರ್ಸಿಟಿ ಹುಡುಗರ ಪ್ರಾಜೆಕ್ಟ್ ಎಲ್ಲ ಇಲ್ಲಿ ಓಡಿಸ್ತೀನಂತೆ. ಮ್ಯಾನೇಜರ್ ಹೇಳಿದ್ರು, ಖಾಯಂ ಮಾಡೋದನ್ನ ಮರೆತುಬಿಡು ಅಂತ.”

“ಓಡಿಸ್ತೀಯಾ?”

“ಇಲ್ಲ ಮೇಡಂ. ನಮ್ಮ ದೇವ್ರಾಣೆಗೂ ಇಲ್ಲ.” ಆಮೇಲೆ, “ನಿಮ್ಮ ಪ್ರೋಗ್ರಾಮೇ ಹಂಗೆ ಹೇಳ್ತಂತೆ” ಎಂದಳು.

ಆ ಮಾತು ಎದೆಗೆ ನಾಟಿತು. ನಾನು ಬರೆದದ್ದು, ನಾನೇ ಪರೀಕ್ಷೆ ಮಾಡಿದ್ದು. ಅದು ಒಂದು ಹುಡುಗಿಯ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಈ ಮಾತಿಗೆ ಉತ್ತರ ಹುಡುಕದೆ ನನಗೆ ಊಟ ಸೇರುವಂತಿರಲಿಲ್ಲ.

ಅವಳಿಗೆ ಮಧ್ಯಾಹ್ನ ಯಂತ್ರ ನಿಧಾನವಾದಾಗ ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ತೆಗೆಯಲು ಹೇಳಿದೆ. ಒಂದೊಂದೇ ಓದಿದಳು. ಪ್ರತಿಯೊಂದರ ಮುಂದೆ ಅದು ಎಷ್ಟು ಹೊತ್ತು ಪ್ರಾಸೆಸರನ್ನು ಬಳಸಿದೆ ಎಂದು ಇರುತ್ತದೆ. ಎಲ್ಲ ಕೂಡಿದರೂ ಒಂದು ಹಿಡಿಯಷ್ಟು ಆಗಲಿಲ್ಲ. ಹಾಗಾದರೆ ಆ ಅರವತ್ತು ಪರ್ಸೆಂಟು ಯಾರು ತಿಂದರು? ತಿಂದವರು ಯಾರೂ ಇಲ್ಲ, ಎಲೆ ಮಾತ್ರ ಖಾಲಿ! ಆಗಲೇ ನನಗೆ ಅನುಮಾನ ಶುರುವಾದದ್ದು. ಯಂತ್ರದ ಮೇಲಲ್ಲ, ನಾನು ಎತ್ತಿಕೊಳ್ಳುತ್ತಿದ್ದ ಅಂಕಿಯ ಮೇಲೆ.

ಮೆಮೊರಿಯಲ್ಲಿರುವ ಅಂಕಿಗಳನ್ನು ಹಾಗೇ ಹಸಿಹಸಿಯಾಗಿ ನೋಡಬೇಕಿತ್ತು. ಅದಕ್ಕೊಂದು ಕಮಾಂಡು ಇದೆ. ಹೇಳಿಕೊಟ್ಟೆ. ಅವಳು ಟೈಪ್ ಮಾಡಿದಳು. ‘ಅನುಮತಿ ಇಲ್ಲ’ ಎಂದು ಬಂತು. ಕರ್ನಲ್ಲಿನ ಮೆಮೊರಿಯಲ್ಲಿ ಎಲ್ಲರ ಗುಟ್ಟೂ ಇರುವುದರಿಂದ ಸೂಪರ್ ಯೂಸರ್ ಪಾಸ್‌ವರ್ಡ್ ಇಲ್ಲದೆ ಯಾರೂ ಮುಟ್ಟುವಂತಿಲ್ಲ.

“ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಮ್ಮ.”

“ಮೊನ್ನೆ ಮ್ಯಾನೇಜರ್ ಬದಲಾಯಿಸಿಬಿಟ್ರು ಮೇಡಂ. ನನಗೆ ಹೇಳಿಲ್ಲ.”

ಅಯ್ಯೋ ಶಿವನೇ! ತಾನು ತಪ್ಪು ಮಾಡಿಲ್ಲ ಎಂದು ತೋರಿಸುವ ಅಂಕಿ ಅವಳ ಕಣ್ಣೆದುರಿನ ಡಬ್ಬಿಯೊಳಗೇ ಇದೆ; ನೋಡಲು ಅವಳಿಗೇ ಅಧಿಕಾರವಿಲ್ಲ.

ಹೊಸ ಆಫೀಸಿಗೆ ಹೊರಟೆ. ಮೆಜೆಸ್ಟಿಕ್‌ನಲ್ಲಿ ಬಸ್ ಬದಲಾಯಿಸಿ ತಲುಪುವ ಹೊತ್ತಿಗೆ ಅರ್ಧ ದಿನ ಕಳೆದಿತ್ತು. ಕರ್ನಲ್ ಬರೆಯುವ ತಂಡದ ಹಿರಿಯರು ಅಲ್ಲಿ ಗಾಜಿನ ಕೋಣೆಯಲ್ಲಿ ಕುಳಿತಿದ್ದರು. ನನಗೆ ಕೆಲಸ ಕಲಿಸಿದವರು, ಬುದ್ಧಿವಂತರು. ಹಿಂದೆ ನಮ್ಮ ಮೇಜುಗಳು ಅಕ್ಕಪಕ್ಕ ಇದ್ದವು. ಅವರು ಹೆಡರ್ ಫೈಲಿನಲ್ಲಿ ಏನಾದರೂ ಬದಲಾಯಿಸಿದರೆ “ಏಯ್, ನೋಡ್ಕೊಳಮ್ಮ” ಎಂದು ಕೂಗುತ್ತಿದ್ದರು, ನಾನು ನನ್ನ ಪ್ರೋಗ್ರಾಮನ್ನು ಹೊಂದಿಸಿಕೊಳ್ಳುತ್ತಿದ್ದೆ. ಒಪ್ಪಂದ ನಡೆಯುತ್ತಿದ್ದುದೇ ಆ ಕೂಗಿನ ಮೇಲೆ. ಕಟ್ಟಡ ಬದಲಾದ ಮೇಲೆ ಕೂಗು ನಿಂತಿತ್ತು. ಹೆಡರ್ ಫೈಲು ಟೇಪಿನಲ್ಲಿ, ಯಾರಾದರೂ ಆ ಕಡೆಯಿಂದ ಈ ಕಡೆಗೆ ಬಂದರೆ, ಅವರಿಗೆ ನೆನಪಿದ್ದರೆ ಬರುತ್ತಿತ್ತು.

“ಲೆಕ್ಕದ ಜಾಗದಲ್ಲಿ ಏನಾದ್ರೂ ಬದಲಾಯಿಸಿದ್ರಾ ಸಾರ್?”

“ಓ, ಇಂಟರಪ್ಟ್ ಸಮಯಾನ ಬೇರೆ ಮಾಡಿದೀನಲ್ಲ! ತುಂಬಾ ಉಪಯೋಗ ಅದು. ನಿನಗೆ ಟೇಪ್ ಬರಲಿಲ್ವಾ?”

ಇಂಟರಪ್ಟ್ ಎಂದರೆ ಹೊರಗಿನ ತಂತಿಯಿಂದಲೋ ಡಿಸ್ಕಿನಿಂದಲೋ ಬರುವ ಕರೆ. ಬಂದ ಕೂಡಲೇ ಪ್ರಾಸೆಸರ್ ಕೈಲಿದ್ದ ಕೆಲಸ ಬಿಟ್ಟು ಓಡಬೇಕು. ಫೈಲ್ ತೆಗೆದು ತೋರಿಸಿದರು. ಹೊಸ ಲೆಕ್ಕ ಎರಡನೇ ಜಾಗದಲ್ಲಿತ್ತು. ಐಡಲ್ಲಿನ ಪಕ್ಕ, ಯೂಸರಿಗಿಂತ ಮೊದಲು.

ಚೀಟಿ ಅಂಟಿಸದ ಡಬ್ಬಗಳ ಸಾಲಿನಲ್ಲಿ ನಡುವೆ ಇನ್ನೊಂದು ಡಬ್ಬ ಇಟ್ಟಂತೆ. ಸಕ್ಕರೆ ಎಂದು ಕೈ ಹಾಕಿದವಳಿಗೆ ಉಪ್ಪು ಸಿಕ್ಕಿತು. ಕೆಂಗೇರಿಗೆ ಹೊಸ ಆಫೀಸಿನಿಂದ ನೇರವಾಗಿ ಹೊಸ ಕರ್ನಲ್ ಹೋಗಿತ್ತು, ನನ್ನ ಮಾನಿಟರ್ ಹಳೆಯದೇ ಉಳಿದಿತ್ತು. ಎರಡನೆಯದು ಯೂಸರ್ ಎಂದು ಅದು ಎತ್ತಿಕೊಂಡದ್ದು ಇಂಟರಪ್ಟ್ ಸಮಯವನ್ನು. ಅಸಂಬದ್ಧವಾದ ಅಂಕಿ ಬಂದಿದ್ದರೆ ಯಾರಾದರೂ ಅನುಮಾನ ಪಡುತ್ತಿದ್ದರು. ಬಂದದ್ದು ನಂಬುವಂಥ ಅಂಕಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಗಿತ್ತು ಆ ಹುಡುಗಿಯ ಕಥೆ.

“ಕೊನೇಲಿ ಸೇರಿಸಬಾರದಿತ್ತಾ ಸಾರ್?”

“ಅರ್ಥದ ಪ್ರಕಾರ ಅದರ ಜಾಗ ಅಲ್ಲೇ ಕಣಮ್ಮ.”

“ಒಂದೊಂದು ಅಂಕಿಯ ಪಕ್ಕ ಅದರ ಹೆಸರೂ ಇರಲಿ, ಅಕ್ಷರದಲ್ಲೇ ಕೊಡೋಣ ಅಂತ ಹೋದ ವರ್ಷವೇ ಕೇಳಿದ್ದೆ. ಹೆಸರಿದ್ದಿದ್ರೆ ಇದಾಗ್ತಿರಲಿಲ್ಲ.”

ಅವರು ನಕ್ಕರು. ಕಾಫಿ ತರಿಸಿ ಪಾಠ ಹೇಳಿದರು. “ನಂಬರ್ ನಂಬರಾಗೇ ಇರಬೇಕಮ್ಮ. ಕರ್ನಲ್ ಅದನ್ನ ಅಕ್ಷರ ಮಾಡೋದು, ನಿನ್ನ ಪ್ರೋಗ್ರಾಮು ಆ ಅಕ್ಷರ ಓದಿ ಮತ್ತೆ ನಂಬರ್ ಮಾಡೋದು, ಇದೇನು ಹಿಟ್ಟು ನಾದಿ ಮತ್ತೆ ಪುಡಿ ಮಾಡೋ ಕೆಲಸ? ಇರೋದು ಒಂದು ಮೆಗಾಬೈಟ್. ಕರ್ನಲ್ಲಲ್ಲಿ ಒಂದೊಂದು ಬೈಟಿಗೂ ಲೆಕ್ಕ. ಹೊಸ ಹೆಡರ್ ತಗೊಂಡು ಹೋಗಿ ನಿನ್ನ ಪ್ರೋಗ್ರಾಮನ್ನ ಮತ್ತೆ ಕಂಪೈಲ್ ಮಾಡು, ಮುಗೀತು.”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಬೈನರಿ ಚಿಕ್ಕದು, ಬೇಗ. ಟೇಪು ತೆಗೆದುಕೊಂಡು ಹೊರಟೆ. ಹಳೆಯ ತಂಡದವರು ನಾಲ್ಕೈದು ಜನ ಒಂದು ಮೇಜಿನ ಸುತ್ತ ಸೇರಿ ಏನೋ ತಮಾಷೆ ಮಾಡುತ್ತಿದ್ದರು. “ಏನ್ ಗುರು ಇದು!” ಎಂದು ಯಾರೋ ಕೂಗಿದರು, ಎಲ್ಲರೂ ನಕ್ಕರು. ಒಬ್ಬ ನನ್ನ ಕಡೆ ಕೈ ಬೀಸಿದ. ನಾನೂ ಬೀಸಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅಷ್ಟು ದೂರವೂ ಹೊಟ್ಟೆ ಉರಿದುಕೊಂಡು ಬಂದೆ.

ಹಿರಿಯರು ಹೇಳಿದಂತೆ ಮುಗಿಯಲಿಲ್ಲ. ಕಾರ್ಖಾನೆಯ ಮ್ಯಾನೇಜರಿಗೆ ಫೋನ್ ಮಾಡಿ ವಿವರಿಸಿದೆ. ತಪ್ಪು ನಮ್ಮದು, ಮಾನಿಟರನ್ನು ಬದಲಾಯಿಸಿ ಕೊಡುತ್ತೇನೆ ಎಂದೆ.

“ನೋಡಿ ಮೇಡಂ,” ಎಂದರು ಅವರು, ಸಮಾಧಾನವಾಗಿಯೇ. “ನಿಮ್ಮ ಪ್ರೋಗ್ರಾಮು ಮೊನ್ನೆ ಒಂದು ಹೇಳ್ತು. ಈಗ ನೀವು ಬದಲಾಯಿಸಿದ್ರೆ ಇನ್ನೊಂದು ಹೇಳುತ್ತೆ. ನಾಳೆ ಮತ್ತೆ ಬದಲಾಯಿಸಿದ್ರೆ? ನಾನು ಯಾವುದನ್ನ ನಂಬಲಿ? ಆ ಹುಡುಗಿ ದಿನಾ ನಿಮ್ಮ ಹತ್ರ ಫೋನಲ್ಲಿ ಮಾತಾಡ್ತಾಳೆ ಅನ್ನೋದೂ ನನಗೆ ಗೊತ್ತು.”

ನನಗೆ ನಾಚಿಕೆಯಾಯಿತು. ಕೋಪವೂ ಬಂತು. ಆದರೆ ಫೋನಿಟ್ಟ ಮೇಲೆ ಯೋಚಿಸಿದರೆ, ಆ ಮನುಷ್ಯ ಕೇಳಿದ್ದರಲ್ಲಿ ತಪ್ಪೇನಿತ್ತು? ಅಂಕಿಗೂ ಅವರಿಗೂ ನಡುವೆ ನಾನಿದ್ದೆ. ನಾನು ಹೇಳಿದ್ದೇ ಹೆಸರು, ನಾನು ತೋರಿಸಿದ್ದೇ ಅರ್ಥ. ನಾನು ಅವಳ ಪರ ಎಂದು ಅವರು ತೀರ್ಮಾನಿಸಿದ ಮೇಲೆ ನನ್ನ ಪ್ರೋಗ್ರಾಮು ಏನು ತೋರಿಸಿದರೂ ಕವಡೆ ಕಿಮ್ಮತ್ತಿಲ್ಲ. ಇನ್ನು ಇರುವುದು ಒಂದೇ ದಾರಿ: ನಾನು ನಡುವೆ ಇರಬಾರದು. ಕರ್ನಲ್ಲೇ ತನ್ನ ಬಾಯಿಂದ, ಹೆಸರು ಹಿಡಿದು, ಎಲ್ಲರಿಗೂ ಅರ್ಥವಾಗುವ ಅಕ್ಷರದಲ್ಲಿ ಹೇಳಬೇಕು. ಪಾಸ್‌ವರ್ಡೂ ಬೇಕಾಗಬಾರದು.

ಹಿರಿಯರಿಗೆ ಫೋನ್ ಮಾಡಿ, ಹಳೇ ಮಾಡೆಲಿನ ಕರ್ನಲ್ಲಿಗೆ ನಾನೇ ಒಂದು ತುಂಡು ಸೇರಿಸಲೇ ಎಂದು ಕೇಳಿದೆ. ಜಗಳಕ್ಕೆ ಸಿದ್ಧವಾಗಿಯೇ ಕೂತಿದ್ದೆ.

“ಹಳೇದಕ್ಕೆ ತಾನೆ? ಏನಾದ್ರೂ ಮಾಡ್ಕೊಳಮ್ಮ. ಅದನ್ನ ಈಗ ಯಾರು ನೋಡ್ತಾರೆ” ಎಂದರು.

ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಕೆಲಸಕ್ಕೆ ಕೂತೆ. ಯೋಚನೆ ಸುಲಭ. ನಮ್ಮ ಯಂತ್ರದ ಯುನಿಕ್ಸ್ ಎಂಬ ವ್ಯವಸ್ಥೆಯಲ್ಲಿ ಪ್ರಿಂಟರು, ಟೇಪು ಎಲ್ಲವೂ ಒಂದೊಂದು ಫೈಲಿನಂತೆ ಕಾಣುತ್ತವೆ. ಹಾಗೇ ಸ್ಟ್ಯಾಟ್ ಎಂಬ ಒಂದು ಸುಳ್ಳು ಫೈಲು. ಡಿಸ್ಕಿನಲ್ಲಿ ಅದು ಇರುವುದಿಲ್ಲ. ಯಾರಾದರೂ ಓದಲು ಹೋದರೆ ಕರ್ನಲ್ ಆ ಕ್ಷಣದ ಲೆಕ್ಕಗಳನ್ನು ಹೆಸರಿನ ಸಮೇತ ಸಾಲು ಸಾಲಾಗಿ ಬರೆದು ಕೊಡುತ್ತದೆ. ಯಾವ ಫೈಲನ್ನಾದರೂ ಪರದೆಗೆ ತರುವ ಕ್ಯಾಟ್ ಎಂಬ ಸಾಮಾನ್ಯ ಕಮಾಂಡೇ ಸಾಕು. ಪ್ರಾಸೆಸರಿನ ಲೆಕ್ಕದ ಜೊತೆಗೆ, ಎಂಟು ತಂತಿಗಳಲ್ಲಿ ಒಂದೊಂದರಿಂದ ಎಷ್ಟು ಅಕ್ಷರ ಬಂದಿದೆ ಎಂಬುದನ್ನೂ ಸೇರಿಸಿದೆ. ಇಂಟರಪ್ಟ್ ಎಲ್ಲಿಂದಲೋ ಬರುತ್ತಿರಲೇಬೇಕಲ್ಲ.

ಬರೆದು ಓಡಿಸಿದೆ. ಕ್ಯಾಟ್ ಎಂದೆ. ಅಂಕಿಗಳು ಬಂದವು. ಮತ್ತೆ ಬಂದವು. ಮತ್ತೆ, ಮತ್ತೆ! ಪರದೆ ನಿಲ್ಲದೆ ಉರುಳತೊಡಗಿತು. ಫೈಲು ಇಲ್ಲಿಗೆ ಮುಗಿಯಿತು ಎಂದು ಹೇಳುವುದನ್ನೇ ನಾನು ಮರೆತಿದ್ದೆ, ಕ್ಯಾಟ್ ಬಡಪಾಯಿ ಓದುತ್ತಲೇ ಇತ್ತು. ಅದನ್ನು ಸರಿಪಡಿಸಿದೆ. ಆಮೇಲೆ ಇನ್ನೊಂದು ಕಾಟ. ಕೆಲವು ಸಲ ಓದುವವರು ಇಡೀ ಫೈಲನ್ನು ಒಂದೇ ಗುಕ್ಕಿಗೆ ಓದುವುದಿಲ್ಲ, ಅರ್ಧ ಓದಿ ಮಿಕ್ಕದ್ದಕ್ಕೆ ಮತ್ತೆ ಬರುತ್ತಾರೆ. ಅಷ್ಟರಲ್ಲಿ ಅಂಕಿ ಬೆಳೆದಿರುತ್ತದೆ. ತೊಂಬತ್ತೊಂಬತ್ತು ನೂರಾದರೆ ಒಂದು ಅಕ್ಷರ ಹೆಚ್ಚು, ಮುಂದಿನದೆಲ್ಲ ಒಂದು ಸ್ಥಾನ ಸರಿದು, ಒಂದು ಸಾಲಿನ ಬಾಲ ಇನ್ನೊಂದಕ್ಕೆ ಅಂಟಿಕೊಳ್ಳುತ್ತಿತ್ತು. ಬೈನರಿಯಲ್ಲಿ ಈ ರಗಳೆಯೇ ಇಲ್ಲ. ಅಲ್ಲಿ ಒಂದಕ್ಕೂ ಕೋಟಿಗೂ ಅದೇ ನಾಲ್ಕು ಬೈಟು. ಹಿರಿಯರು ನನ್ನ ಬೆನ್ನ ಹಿಂದೆ ನಿಂತು ‘ನಾನು ಹೇಳಲಿಲ್ವಾ’ ಎಂದು ನಗುತ್ತಿರುವ ಹಾಗನ್ನಿಸಿತು. ನಿಜವಾಗಿ ಅಲ್ಲಿ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದೂ ಅನ್ನಿಸಿತು. ಒಬ್ಬಳೇ ತಪ್ಪು ಹುಡುಕುವುದೆಂದರೆ ಕನ್ನಡಿಯಿಲ್ಲದೆ ಬೈತಲೆ ತೆಗೆದ ಹಾಗೆ. ಕೊನೆಗೆ, ಮೊದಲ ಅಕ್ಷರ ಕೇಳಿದಾಗಲೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟುಕೊಂಡು, ಮಿಕ್ಕದ್ದನ್ನು ಅದರಿಂದಲೇ ಕೊಡುವ ಹಾಗೆ ಮಾಡಿದೆ. ಒಬ್ಬರು ಓದುವಾಗ ಇನ್ನೊಬ್ಬರು ಬಂದರೆ ಕಾಯಬೇಕು. ಮೆಮೊರಿ ಸ್ವಲ್ಪ ಹೋಯಿತು. ಹೋಗಲಿ ಎಂದುಕೊಂಡೆ.

ಲೇತ್ ನಿಂತದ್ದು ಎಷ್ಟೋ ದಿನ ಗೊತ್ತೇ ಆಗಲಿಲ್ಲ. ಒಮ್ಮೆ ಏನೋ ಹೇಳಿಕೊಳ್ಳಲು ಬಾಯಿ ತೆರೆದೆ, ಧ್ವನಿ ಹೊರಡದೆ ಕೆಮ್ಮು ಬಂತು. ಅವತ್ತು ಬೆಳಿಗ್ಗೆಯಿಂದ ಒಂದು ಮಾತೂ ಆಡಿರಲಿಲ್ಲ. ಅವಳ ಫೋನು ಬರುವುದು ನಿಂತಿತ್ತು. ಮ್ಯಾನೇಜರ್ ಫೋನಿಗೆ ಬೀಗ ಹಾಕಿಸಿದ್ದಾರೆ ಎಂದು ಸರ್ವಿಸ್ ಎಂಜಿನಿಯರ್ ಹೇಳಿದ. ಆಗಿನ ಫೋನುಗಳಿಗೆ ಡಯಲಿನ ತೂತಿಗೆ ಸಿಕ್ಕಿಸುವ ಪುಟ್ಟ ಬೀಗ ಇರುತ್ತಿತ್ತು.

ಅವಳ ಪ್ರೊಬೇಷನ್ ಮುಗಿಯುವ ದಿನ ಹತ್ತಿರವಾಗಿತ್ತು. ಮ್ಯಾನೇಜರಿಗೆ ಮತ್ತೆ ಫೋನ್ ಮಾಡಿದೆ. “ಸಾರ್, ನನ್ನ ಪ್ರೋಗ್ರಾಮು ಬೇಡ. ಕರ್ನಲ್ ಬದಲಾಯಿಸಿ ಕೊಡ್ತೀನಿ. ನೀವೇ ಟೈಪ್ ಮಾಡಿ, ನೀವೇ ಓದಿ. ಆಮೇಲೆ ನಾನು ಕೀಬೋರ್ಡ್ ಮುಟ್ಟಲ್ಲ. ಅದು ಏನು ಹೇಳುತ್ತೋ ಅದರ ಮೇಲೆ ಅವಳ ವಿಷಯ ತೀರ್ಮಾನ ಮಾಡಿ.”

“ಅವಳದ್ದೇ ತಪ್ಪು ಅಂತ ಬಂದ್ರೆ?”

“ಬಂದ್ರೆ ಬರಲಿ” ಎಂದೆ.

ಟೇಪನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ ಹತ್ತಿದೆ. ದೀಪಾಂಜಲಿ ನಗರ ದಾಟಿ ನಾಯಂಡಹಳ್ಳಿ ಬರುವಷ್ಟರಲ್ಲಿ ಮೋರಿಯ ವಾಸನೆಗೆ ಎಲ್ಲರೂ ಸೆರಗು, ಕರ್ಚೀಫು ಮೂಗಿಗೆ ಹಿಡಿದರು. ಜ್ಞಾನಭಾರತಿ ಗೇಟಿನಲ್ಲಿ ಹುಡುಗರ ಒಂದು ಹಿಂಡು ಇಳಿಯಿತು. ಅವರನ್ನು ನೋಡಿ, ಅವಳು ಇವರ ಪ್ರಾಜೆಕ್ಟು ಓಡಿಸಿದ್ದರೆ ಎಂಬ ಅನುಮಾನ ಸುಳಿದು ಹೋಯಿತು. ನಾನು ಅವಳನ್ನು ಇನ್ನೂ ಕಣ್ಣಾರೆ ನೋಡಿಯೇ ಇರಲಿಲ್ಲ.

ಗಿಡ್ಡ, ದುಂಡು ಎಂದು ನಾನು ಕಲ್ಪಿಸಿಕೊಂಡಿದ್ದ ಹುಡುಗಿ ನನಗಿಂತ ಒಂದು ಗೇಣು ಎತ್ತರ ಇದ್ದಳು. ಕಣ್ಣು ಊದಿದ್ದವು. “ಬನ್ನಿ ಮೇಡಂ” ಎಂದಷ್ಟೇ ಹೇಳಿ ಗೋಡೆಗೆ ಒರಗಿ ನಿಂತಳು. ಮ್ಯಾನೇಜರ್ ಐವತ್ತು ದಾಟಿದವರು, ವಿಭೂತಿ ಹಚ್ಚಿದ್ದರು. ಗದರುವ ಮನುಷ್ಯನಲ್ಲ, ಅನುಮಾನದ ಮನುಷ್ಯ. ಬೆಳಿಗ್ಗೆಯೇ ಅವರೆದುರಿಗೆ ಕರ್ನಲ್ ಹಾಕಿದೆ. ಅವರು ಪಾಸ್‌ವರ್ಡ್ ಹೊಡೆಯುವಾಗ ನಾನು ಆ ಕಡೆ ತಿರುಗಿಕೊಂಡೆ.

ಊಟದ ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಆಗ ವಿದ್ಯುತ್ ಕಡಿತದ ಕಾಲ. ಆ ಕಾರ್ಖಾನೆಗೆ ದೊಡ್ಡ ಯಂತ್ರಗಳನ್ನು ಓಡಿಸಲು ಅನುಮತಿ ಇದ್ದುದು ಮಧ್ಯಾಹ್ನ ಮಾತ್ರ. ಸ್ವಲ್ಪ ಹೊತ್ತಿಗೆ ಆಚೆ ಶೆಡ್ಡಿನಲ್ಲಿ ವೆಲ್ಡಿಂಗ್ ಶುರುವಾಯಿತು. ಚರಚರ ಸದ್ದು. ಕಂಪ್ಯೂಟರ್ ಮಂಕಾಯಿತು.

“ಈಗ ಹೊಡೀರಿ ಸಾರ್.”

ಅವರು ಒಂದೊಂದೇ ಬೆರಳಿನಲ್ಲಿ ಹೊಡೆದರು. ಒಂದು ನಿಮಿಷ ಬಿಟ್ಟು ಇನ್ನೊಂದು ಸಲ. ಕನ್ನಡಕ ಮೇಲೆತ್ತಿ, ಶಾಲೆಯ ಮಗುವಿನ ಹಾಗೆ ಗಟ್ಟಿಯಾಗಿ ಓದಿದರು. “ಐಡಲ್... ಏನೂ ಏರಿಲ್ಲ. ಇಂಟರಪ್ಟ್... ಅಬ್ಬಾ, ಎಷ್ಟು ಏರಿದೆ! ಯೂಸರ್...” ನಿಲ್ಲಿಸಿದರು. ಎರಡು ಸಾಲುಗಳನ್ನೂ ಬೆರಳಿಟ್ಟು ನೋಡಿದರು. “ಯೂಸರ್ ಇದ್ದಲ್ಲೇ ಇದೆ.”

ಗೋಡೆಯ ಕಡೆಯಿಂದ ಉಸಿರು ಬಿಟ್ಟ ಸದ್ದು ಕೇಳಿಸಿತು. ನಾನು ತಿರುಗಲಿಲ್ಲ, ತಿರುಗಿದ್ದರೆ ಅತ್ತುಬಿಡುತ್ತಿದ್ದೆ.

ಅವರು ಕೆಳಗೆ ಓದುತ್ತಾ ಹೋದರು. “ಲೈನ್ ಒಂದು, ಎರಡು... ಇದೇನಿದು? ಲೈನ್ ಏಳು! ಇಷ್ಟೊಂದು ಅಕ್ಷರ ಯಾರು ಹೊಡೀತಾ ಇದಾರೆ? ಏಳನೇದು ಯಾವುದಮ್ಮ?”

ಹುಡುಗಿ ಮೊದಲ ಸಲ ಬಾಯಿಬಿಟ್ಟಳು. “ವೆಲ್ಡಿಂಗ್ ಶೆಡ್ ಪಕ್ಕದ ಸ್ಟೋರ್ಸ್‌ದು ಸಾರ್. ಅಲ್ಲಿ ಟರ್ಮಿನಲ್ ಇಲ್ಲ ಈಗ.”

“ಇಲ್ವಾ? ಯಾರು ತೆಗೆದ್ರು?”

“ನೀವೇ... ನಿಮ್ಮ ಕ್ಯಾಬಿನ್‌ಗೆ ತರಿಸಿಕೊಂಡ್ರಲ್ಲ ಸಾರ್.”

ಹೋಗಿ ನೋಡಿದೆವು. ಟರ್ಮಿನಲ್ಲು ಹೋಗಿತ್ತು, ಉದ್ದನೆಯ ತಂತಿ ಮಾತ್ರ ಬಿಚ್ಚಿದ ತುದಿಯೊಂದಿಗೆ ಹಾಗೇ ನೇತಾಡುತ್ತಿತ್ತು. ಪಕ್ಕದಲ್ಲೇ ವೆಲ್ಡಿಂಗ್. ಒಂದೊಂದು ಕಿಡಿಗೂ ಆ ತಂತಿಯಲ್ಲಿ ಕಸ ಹುಟ್ಟುತ್ತಿತ್ತು. ನಮ್ಮ ಯಂತ್ರ ಎಂಟೂ ಲೈನುಗಳನ್ನು ಶುರುವಿನಲ್ಲೇ ತೆರೆದಿಡುತ್ತಿದ್ದರಿಂದ ಆ ಕಸವನ್ನು ಅಕ್ಷರವೆಂದು ತಿಳಿದು ಕರೆ ಕರೆಗೂ ಓಡಿ ಸುಸ್ತಾಗುತ್ತಿತ್ತು. ಕಂಪ್ಯೂಟರ್ ಕೋಣೆಗೆ ಬಂದು ಆ ತಂತಿಯನ್ನು ಕಿತ್ತೆ. ಪರದೆ ತಟ್ಟನೆ ಚುರುಕಾಯಿತು.

ಮ್ಯಾನೇಜರ್ ತಾವೇ ಇನ್ನೊಂದು ಸಲ ಕ್ಯಾಟ್ ಹೊಡೆದು ನೋಡಿದರು. ಆಮೇಲೆ ಅವಳ ಕಡೆ ತಿರುಗಿ, “ನನ್ನದು ತಪ್ಪಾಯ್ತು ತಾಯಿ” ಎಂದರು. ಆ ಮಾತಿಗೆ ಅವರ ಮೇಲಿದ್ದ ನನ್ನ ಸಿಟ್ಟೆಲ್ಲ ಇಳಿಯಿತು. ಅವಳು ಗೇಟಿನ ತನಕ ಬಂದು ನನ್ನ ಕೈ ಹಿಡಿದುಕೊಂಡು, “ಅಕ್ಕಾ” ಎಂದಳು. “ಹೋಗೇ, ಕೆಲಸ ನೋಡು” ಎಂದು ಬೈದು ಬಸ್ ಹತ್ತಿದೆ.

ಕೆಲಸ ಖಾಯಂ ಆಯಿತು. ಹೇಳಲು ಫೋನ್ ಮಾಡಿದಳು. ಮನೆಯಲ್ಲಿ ಸೋದರಮಾವನ ವಿಷಯಕ್ಕೆ ಬಾಯಿ ಬಿಟ್ಟು ಬೇಡ ಎಂದಳಂತೆ, ಮೂರು ದಿನ ಯಾರೂ ಮಾತಾಡಿಸಲಿಲ್ಲವಂತೆ, ಆಮೇಲೆ ಸರಿಹೋಯಿತಂತೆ. ಹೇಳುತ್ತಾ ನಗುತ್ತಿದ್ದಳು.

“ಅಕ್ಕಾ, ಈಗ ಏನಾದ್ರೂ ಆದ್ರೆ ಮ್ಯಾನೇಜರೇ ಕ್ಯಾಟ್ ಹೊಡೆದು ಓದ್ತಾರೆ. ನನಗೂ ಎಲ್ಲಾ ಅರ್ಥ ಆಗುತ್ತೆ. ಇನ್ಮೇಲೆ ನಿಮಗೆ ತೊಂದರೆ ಕೊಡಲ್ಲ.”

“ಒಳ್ಳೇದಾಯ್ತು ಬಿಡು” ಎಂದೆ.

ಬೇರೆ ಊರುಗಳಿಗೂ ಅದೇ ಕರ್ನಲ್ ಕಳಿಸಿದೆ. ಜನ ತಾವೇ ಓದಿಕೊಂಡರು, ತಾವೇ ತಂತಿ ಕಿತ್ತು ಹಾಕಿಕೊಂಡರು. ಅಂಕಿಗೂ ಅವರಿಗೂ ನಡುವೆ ನಾನು ಇರಬಾರದೆಂದು ಮಾಡಿದ ಕೆಲಸ ಚೆನ್ನಾಗಿಯೇ ನಡೆಯಿತು. ಟ್ರಂಕ್ ಕಾಲ್‌ಗಳು ವಾರಕ್ಕೆ ಒಂದಾದವು, ಆಮೇಲೆ ಅದೂ ಇಲ್ಲ. ಇದೇ ತಾನೆ ನನಗೆ ಬೇಕಾಗಿದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನಗೆ ಬೇಕಾಗಿದ್ದದ್ದು ಅವಳು ಉಳಿಯುವುದು, ಜೊತೆಗೆ ಅವಳ ಫೋನೂ.

ಮಳೆಗಾಲ ಶುರುವಾದ ಮೇಲೆ ಒಂದು ಮಧ್ಯಾಹ್ನ ತಡೆಯಲಾರದೆ ನಾನೇ ಕೆಂಗೇರಿಗೆ ಡಯಲ್ ಮಾಡಿದೆ. ಏಕೆಂದು ಹೇಳಬೇಕಲ್ಲ, ಏನೂ ಹೊಳೆಯಲಿಲ್ಲ.

“ಏಳನೇ ಲೈನು ಎಷ್ಟಿದೆ ನೋಡಿ ಹೇಳು” ಎಂದೆ.

“ಅದನ್ನ ಕಿತ್ತು ಹಾಕಿದೀವಲ್ಲ ಅಕ್ಕಾ.”

“ಇರಲಿ, ನೋಡಿ ಹೇಳು.”

ಕೀಬೋರ್ಡಿನ ಸದ್ದು ಕೇಳಿಸಿತು. “ಸೊನ್ನೆ” ಎಂದಳು.

“ಇನ್ನೊಂದು ಸಲ ನೋಡು.”

ಈ ಸಲ ಕೀಬೋರ್ಡು ಸದ್ದು ಮಾಡಲಿಲ್ಲ. ಅವಳು ಕುರ್ಚಿ ಎಳೆದುಕೊಂಡು ಕೂತದ್ದು ಕೇಳಿಸಿತು.

“ಸೊನ್ನೇನೇ ಅಕ್ಕಾ” ಎಂದಳು ಮೆಲ್ಲಗೆ. “ಊಟ ಆಯ್ತಾ ನಿಮ್ಮದು?”

“ಇನ್ನೂ ಇಲ್ಲ ಕಣೇ” ಎಂದೆ.